ಲಂಗರು ಜಾರಿದ ರಾತ್ರಿ

ಪ್ರಶ್ನೆ: ನನ್ನ ಮಗ ಸರಕಿನ ಹಡಗೊಂದರಲ್ಲಿ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಅಧಿಕಾರಿ) ಆಗಿ ಸೇರಿ ಎಂಟು ತಿಂಗಳಾಯಿತು. ಕಲ್ಲಿದ್ದಲು ತುಂಬಿಸಿಕೊಳ್ಳಲು ಅವರ ಖಾಲಿ ಹಡಗು ಪಾರಾದೀಪ್ ಬಂದರಿನ ಹೊರಗೆ ಹದಿನೇಳು ದಿನ ಲಂಗರು ಹಾಕಿ ನಿಂತಿತ್ತು. ಹೋದ ವಾರ ವಾಯುಭಾರ ಕುಸಿತದ ಗಾಳಿಗೆ ರಾತ್ರಿ ಎರಡು ಗಂಟೆಗೆ ಲಂಗರು ಜಾರಿತಂತೆ. ಎಲ್ಲರನ್ನೂ ಎಬ್ಬಿಸಿ, ಲಂಗರು ಎತ್ತಿಸಿ, ಕ್ಯಾಪ್ಟನ್ ಹಡಗನ್ನು ಇನ್ನೂ ಹೊರಗೆ ನಡುಗಡಲಿಗೆ ಒಯ್ದರಂತೆ. ಆಮೇಲೆ ಎರಡು ದಿನ ಫೋನೇ ಇಲ್ಲ. ನಮ್ಮ ಮಾವ ಹಿಂದೆ ಮಂಜಿಯಲ್ಲಿ (ಸರಕಿನ ಹಾಯಿದೋಣಿ) ತಾಂಡೇಲರಾಗಿದ್ದವರು, ಅಂದರೆ ಅದನ್ನು ನಡೆಸುವ ಮುಖ್ಯಸ್ಥರು. "ಅಷ್ಟು ದೊಡ್ಡ ಹಡಗಿಗೆ ಎಂಟು ಟನ್ನಿನ ಲಂಗರು ಯಾವ ಮೂಲೆಗೆ? ಭಾರ ಸಾಲಲಿಲ್ಲ, ಜಾರಿತು" ಎನ್ನುತ್ತಾರೆ. ಇನ್ನಷ್ಟು ಸರಪಳಿ ಬಿಡಬಹುದಿತ್ತಲ್ಲ? ಇನ್ನೊಂದು ಲಂಗರು ಇರುತ್ತದಲ್ಲ? ಬಿರುಗಾಳಿ ಬರುವಾಗ ಬಂದರಿನೊಳಗೆ ಕರೆದುಕೊಳ್ಳದೆ ಹೊರಗೆ ಅಟ್ಟುವುದು ಯಾವ ನ್ಯಾಯ? ಮಗನನ್ನು ವಾಪಸ್ ಕರೆಸಿಕೊಳ್ಳಲೇ ಎಂದು ಯೋಚಿಸುತ್ತಿದ್ದೇನೆ.
— ಒಬ್ಬ ತಾಯಿ, ಕುಂದಾಪುರ

ಉತ್ತರ: ನೋಡಿ ಅಮ್ಮ, ಆ ರಾತ್ರಿ ಕ್ಯಾಪ್ಟನ್ ಮಾಡಿದ್ದು ಸರಿಯಾದ ಕೆಲಸ. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಒಂದೇ ತಕರಾರು ಎಂದರೆ, ಹವಾಮಾನ ಇಲಾಖೆಯ ಮುನ್ಸೂಚನೆ ಮೊದಲೇ ಬಂದಿರುತ್ತದೆ. ಹಾಗಾಗಿ ಹಿಂದಿನ ಸಂಜೆ ಬೆಳಕಿರುವಾಗಲೇ ಎತ್ತಿಸಬಹುದಿತ್ತು. ಜಾರಿದ ಮೇಲೆ ಎತ್ತುವುದಕ್ಕೂ ಜಾರುವ ಮುಂಚೆ ಎತ್ತುವುದಕ್ಕೂ ಅಜಗಜಾಂತರವಿದೆ. ಅದೇಕೆ ಎಂದು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಮಾವನವರ ಮಾತು. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ, ಯಾಕೆಂದರೆ ತೂತು ಕೊರೆದ ಕಲ್ಲಿಗೆ ಹಗ್ಗ ಕಟ್ಟಿ ದೋಣಿಯಿಂದ ಇಳಿಬಿಡುತ್ತಿದ್ದ ಕಾಲದಲ್ಲಿ ಭಾರವೇ ಲಂಗರು. ಕಲ್ಲು ಭಾರ ಇದ್ದಷ್ಟೂ ದೋಣಿ ಭದ್ರ. ಕಬ್ಬಿಣದ ಲಂಗರಿನ ಲೆಕ್ಕ ಬೇರೆ. ಅದು ತೂಗಿ ನಿಲ್ಲಿಸುವುದಿಲ್ಲ, ಕಚ್ಚಿ ನಿಲ್ಲಿಸುತ್ತದೆ. ನೇಗಿಲನ್ನು ನೆನೆಸಿಕೊಳ್ಳಿ. ಎತ್ತು ನೆಲದ ಮಟ್ಟದಲ್ಲಿ ಎಳೆದಷ್ಟು ಹೊತ್ತೂ ಗುಳ ಮಣ್ಣಿನೊಳಗೇ ಇರುತ್ತದೆ. ಯಾರಾದರೂ ನೊಗವನ್ನು ಮೇಲಕ್ಕೆ ಎತ್ತಿ ಎಳೆದರೆ ಗುಳ ಕಿತ್ತುಕೊಂಡು ಮೇಲೆ ಬರುತ್ತದೆ. ಲಂಗರಿನ ಎರಡು ರೆಕ್ಕೆಗಳೂ ಹಾಗೆಯೇ. ಎಳೆತ ತಳಕ್ಕೆ ಸಮಾನಾಂತರವಾಗಿ ಬಂದರೆ ಅವು ಕೆಸರಿನಲ್ಲಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತವೆ. ಒಳ್ಳೆಯ ತಳದಲ್ಲಿ ಮಾಮೂಲಿ ಲಂಗರು ತನ್ನ ತೂಕದ ಮೂರು–ನಾಲ್ಕು ಪಟ್ಟು ಎಳೆತ ತಡೆಯುತ್ತದೆ. ಅಂದರೆ ಎಂಟು ಟನ್ನಿನದ್ದು ಹತ್ತಿರ ಹತ್ತಿರ 24ರಿಂದ 32 ಟನ್. ಹೆಚ್ಚು ಹಿಡಿತದ ಲಂಗರು ಎಂದು ಬೇರೆ ಬಗೆಯದಿದೆ. ಅದು ಅಷ್ಟೇ ತೂಕದಲ್ಲಿ ಮಾಮೂಲಿಯದ್ದಕ್ಕಿಂತ ಕನಿಷ್ಠ ಎರಡು ಪಟ್ಟು ಹಿಡಿಯಬೇಕೆಂಬುದು ನಿಯಮ.

ಎಳೆತವನ್ನು ಆ ಮಟ್ಟದಲ್ಲಿ ಇಡುವ ಕೆಲಸ ಸರಪಳಿಯದ್ದು. ನಿಮ್ಮ ಮಗನ ಹಡಗಿನ ಗಾತ್ರಕ್ಕೆ ಸರಪಳಿಯ ಒಂದೊಂದು ಕೊಂಡಿಯೂ ಸುಮಾರು 40 ಕಿಲೋ ತೂಗುತ್ತದೆ. ನಾವು ಸರಪಳಿಯನ್ನು ಮೀಟರಿನಲ್ಲಿ ಲೆಕ್ಕ ಹಾಕುವುದಿಲ್ಲ, ಶ್ಯಾಕಲ್ ಎನ್ನುತ್ತೇವೆ. ಒಂದು ಶ್ಯಾಕಲ್ ಎಂದರೆ 27.5 ಮೀಟರ್, ಅದರ ತೂಕ ಮೂರೂವರೆ ಟನ್ನಿನ ಮೇಲೆ. ಎಂಟು ಶ್ಯಾಕಲ್ ಬಿಟ್ಟರೆ 220 ಮೀಟರ್ ಉದ್ದ, 29 ಟನ್ ಕಬ್ಬಿಣ. ಅಂದರೆ ಲಂಗರಿಗಿಂತ ಮೂರೂವರೆ ಪಟ್ಟು ಭಾರದ ಸರಪಳಿ. ಅದರಲ್ಲಿ ಒಂದಿಷ್ಟು ತಳದ ಮೇಲೆ ಸುಮ್ಮನೆ ಮಲಗಿರುತ್ತದೆ, ಉಳಿದದ್ದು ಜೋತುಬಿದ್ದ ಹಗ್ಗದಂತೆ ಬಾಗಿ ಹಡಗಿನ ಮೂತಿಗೆ ಏರುತ್ತದೆ. ಗಾಳಿ ಜೋರಾದಾಗ ಆ ಬಾಗು ಬಿಚ್ಚಿಕೊಳ್ಳುತ್ತಾ ಹೋಗಿ ಎಳೆತವನ್ನು ನುಂಗುತ್ತದೆ. ಮಾವನವರು ಹೇಳುವ ಭಾರದ ಮಾತು ಇಲ್ಲಿಗೆ ಹೊಂದುತ್ತದೆ, ಲಂಗರಿಗಲ್ಲ.

ಎಷ್ಟು ಬಿಡಬೇಕು? ನಾವು ಹಲವರು ಬಳಸುವ ಒಂದು ಸೂತ್ರವಿದೆ: ಹವೆ ಚೆನ್ನಾಗಿದ್ದರೆ ಆಳದ ಮೂರರಷ್ಟಕ್ಕೆ 90 ಮೀಟರ್ ಸೇರಿಸಿ, ಕೆಟ್ಟರೆ ಆಳದ ನಾಲ್ಕರಷ್ಟಕ್ಕೆ 145 ಸೇರಿಸಿ. 30 ಮೀಟರ್ ನೀರಿನಲ್ಲಿ ಮೊದಲನೆಯದು 180 ಮೀಟರ್, ಎರಡನೆಯದು 265 ಮೀಟರ್. ಸುಮಾರು ಆರೂವರೆ ಶ್ಯಾಕಲ್ ಇದ್ದದ್ದು ಒಂಬತ್ತೂವರೆ ಆಗುತ್ತದೆ. ಹಾಗಾದರೆ ಇದ್ದದ್ದನ್ನೆಲ್ಲ ಬಿಟ್ಟುಬಿಟ್ಟರೆ ಆಯಿತಲ್ಲ ಎಂದು ನೀವು ಕೇಳಿದ್ದೀರಿ. ಬಿಡಬಹುದು, ಒಂದು ಹಂತದವರೆಗೆ ಅದು ಪ್ರಯೋಜನಕ್ಕೂ ಬರುತ್ತದೆ. ತಳದಲ್ಲಿ ಮಲಗುವಷ್ಟು ಸರಪಳಿ ಆದ ಮೇಲೆ ಇನ್ನೂ ಬಿಟ್ಟರೆ ಸಿಗುವ ಲಾಭ ಕಡಿಮೆ. ಹಡಗು ಸುತ್ತುವ ವರ್ತುಲವೂ ದೊಡ್ಡದಾಗಿ ಪಕ್ಕದ ಹಡಗಿನ ಅಂಗಳಕ್ಕೆ ಕಾಲಿಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಟ್ಟದ್ದನ್ನು ಮತ್ತೆ ಎಳೆದುಕೊಳ್ಳಬೇಕಲ್ಲ! ಸರಪಳಿ ಎಳೆದುಕೊಳ್ಳುವ ವಿಂಡ್ಲಸ್ ಯಂತ್ರಕ್ಕೆ ನಿಯಮ ಹೇಳುವುದು ನಿಮಿಷಕ್ಕೆ 9 ಮೀಟರ್ ವೇಗ, ಅದೂ ಲಂಗರು ಮತ್ತು ಮೂರು ಶ್ಯಾಕಲ್ ನೇರವಾಗಿ ತೂಗುತ್ತಿರುವಾಗ. ಒಂಬತ್ತು ಶ್ಯಾಕಲ್ ಒಳಗೆ ಬರಲು ಎಲ್ಲವೂ ಸರಿಯಿದ್ದರೇ ಅರ್ಧ ಗಂಟೆ. ಜಾರುತ್ತಿರುವ ಖಾಲಿ ಹಡಗು ಬಿರುಗಾಳಿಯಲ್ಲಿ ಗಂಟೆಗೆ ಮೂರು ನಾಲ್ಕು ಮೈಲಿ ಹೋಗಬಲ್ಲದು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ನಾನು ಸಂಜೆಯೇ ಎತ್ತಬೇಕಿತ್ತು ಎಂದದ್ದು ಯಾಕೆಂದು ಗೊತ್ತಾಗುತ್ತದೆ.

ಈಗ ಎಲ್ಲರೂ ಮರೆಯುವ ಸಂಗತಿಗೆ ಬರುತ್ತೇನೆ. ಹಡಗಿನ ಲಂಗರನ್ನು ಬಿರುಗಾಳಿಗೆಂದು ಮಾಡಿದ್ದೇ ಅಲ್ಲ. ನಮ್ಮ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ಕೂಡ ಸದಸ್ಯವಾಗಿರುವ, ಹಡಗುಗಳನ್ನು ಪರೀಕ್ಷಿಸಿ ದರ್ಜೆ ಕೊಡುವ ವರ್ಗೀಕರಣ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲೇ ಇದು ಸ್ಪಷ್ಟವಾಗಿದೆ: ಬಂದರಿನೊಳಗೆ ಅಥವಾ ಮರೆಯಿರುವ ಜಾಗದಲ್ಲಿ ಬರ್ತ್‌ಗೋ (ದಕ್ಕೆಯಲ್ಲಿ ಹಡಗು ಕಟ್ಟುವ ಜಾಗ) ಉಬ್ಬರಕ್ಕೋ ಕಾಯುತ್ತಾ ತಾತ್ಕಾಲಿಕವಾಗಿ ನಿಲ್ಲಲು ಈ ಸಾಮಗ್ರಿ, ಬಯಲು ಕರಾವಳಿಯ ಎದುರು ಕೆಟ್ಟ ಹವೆಯಲ್ಲಿ ಹಡಗು ಹಿಡಿದಿಡಲು ಅಲ್ಲ. ಲೆಕ್ಕಕ್ಕೆ ಹಿಡಿದದ್ದು ಸೆಕೆಂಡಿಗೆ 25 ಮೀಟರ್ ಗಾಳಿ, 2.5 ಮೀಟರ್ ಸೆಳೆತ, ಆಳದ ಆರರಿಂದ ಹತ್ತು ಪಟ್ಟು ಸರಪಳಿ, ಚೆನ್ನಾಗಿ ಕಚ್ಚುವ ತಳ. ದೊಡ್ಡ ಅಲೆಗಳು ಆ ಲೆಕ್ಕದಲ್ಲಿ ಇಲ್ಲ. ಅಲೆಯಿಲ್ಲದೆ ಅಷ್ಟು ಗಾಳಿ ಬೀಸುವ ಬಯಲು ಕಡಲನ್ನು ನಾನಂತೂ ನೋಡಿಲ್ಲ.

ಗಾಳಿಯ ಲೆಕ್ಕವೂ ಮೋಸದ್ದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ನಿಮ್ಮ ಮಗನದರಷ್ಟು ದೊಡ್ಡ ಖಾಲಿ ಹಡಗಿಗೆ ನಾನು ಹಾಕಿದ ಸ್ಥೂಲ ಲೆಕ್ಕ ಹೀಗಿದೆ: ಗಾಳಿ ನೇರ ಮೂತಿಗೆ ಬೀಸುತ್ತಿದ್ದರೆ (ಒಂದು ನಾಟ್ ಎಂದರೆ ಗಂಟೆಗೆ ಒಂದು ಕಡಲ ಮೈಲಿ) 30 ನಾಟ್‌ಗೆ ಒಂಬತ್ತು ಟನ್ ಆಸುಪಾಸು, 50 ನಾಟ್‌ಗೆ 25 ಟನ್. ಆದರೆ ಖಾಲಿ ಹಡಗು ಮೂತಿ ಕೊಟ್ಟು ನಿಲ್ಲುವುದಿಲ್ಲ. ಕಟ್ಟಿಹಾಕಿದ ಕರುವಿನ ಹಾಗೆ ಆ ಕಡೆ ಓಡುತ್ತದೆ, ಹಗ್ಗ ಬಿಗಿಯಾದಾಗ ತಿರುಗಿ ಈ ಕಡೆ ಓಡುತ್ತದೆ. ನೀರಿನ ಮೇಲೆ ಮಲಗಿಸಿದ ಎಂಟರ ಅಂಕಿ ಬರೆಯುತ್ತಲೇ ಇರುತ್ತದೆ. ತಿರುಗುವ ಆ ತುದಿಯಲ್ಲಿ ಹಡಗಿನ ಪಕ್ಕೆ ಗಾಳಿಗೆ ಸಿಗುತ್ತದೆ. 225 ಮೀಟರ್ ಉದ್ದದ ಗೋಡೆ ಅದು. ಅಷ್ಟರಲ್ಲಿ ಒಂದು ಅಲೆ ಮೂತಿಯನ್ನು ಎತ್ತಿದರೆ ಸರಪಳಿ ತಂತಿಯಂತೆ ಸೆಟೆದು ಲಂಗರನ್ನು ಒಂದೇ ಜಗ್ಗಿಗೆ ಕೀಳುತ್ತದೆ. ಹೆಚ್ಚಿನ ಲಂಗರುಗಳು ಜಾರುವುದು ಒಂದೇ ಸಮ ಬೀಸುವ ಗಾಳಿಗಲ್ಲ, ಈ ಜಗ್ಗಿಗೆ.

ತಳದ ಮಾತಂತೂ ಮಾವನವರಿಗೆ ನಾನು ಹೇಳಬೇಕಾಗಿಲ್ಲ. ಆಳ ಅಳೆಯುವ ಗುಂಡುಹಗ್ಗದ ಬುಡಕ್ಕೆ ಕೊಬ್ಬು ಮೆತ್ತಿ ಇಳಿಸಿ, ಅಂಟಿಕೊಂಡು ಬಂದ ಮಣ್ಣನ್ನು ನೋಡಿ ಲಂಗರು ಹಾಕುವ ಪದ್ಧತಿ ಹಾಯಿಹಡಗಿನ ಕಾಲದ್ದು. ಈಗ ನಕ್ಷೆಯಲ್ಲೇ ಒಂದೆರಡು ಅಕ್ಷರದಲ್ಲಿ ಬರೆದಿರುತ್ತದೆ: ಕೆಸರು, ಮರಳು, ಜೇಡಿ, ಬಂಡೆ. ಗಟ್ಟಿ ಜೇಡಿ, ದಪ್ಪ ಕೆಸರು ಚೆನ್ನಾಗಿ ಹಿಡಿಯುತ್ತವೆ, ಮರಳು ಪರವಾಗಿಲ್ಲ. ಗಂಜಿಯಂಥ ಸಡಿಲ ಕೆಸರಿನಲ್ಲಿ ಲಂಗರು ಮೊಸರಿನಲ್ಲಿ ಚಮಚ ಎಳೆದಂತೆ ಬರುತ್ತದೆ. ಬಂಡೆಯ ಮೇಲೆ ಹಿಡಿದರೆ ಹಿಡಿಯಿತು, ಆಮೇಲೆ ಬಿಡಿಸುವುದು ದೇವರಿಗೇ ಬಿಟ್ಟದ್ದು.

ಜಾರಿದ್ದು ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಿಲ್ಲ. ಆದರೆ ಅಪಾಯವೆಲ್ಲ ಇರುವುದೇ ಅಲ್ಲಿ, ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ. ನಾನು ಥರ್ಡ್ ಆಫೀಸರ್ ಆಗಿದ್ದಾಗ ಒಂದು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದೆವು. ಲಂಗರು ಬಿದ್ದ ಜಾಗವನ್ನು ನಡುವಿಟ್ಟು ನಕ್ಷೆಯಲ್ಲಿ ವರ್ತುಲ ಎಳೆಯಬೇಕು, ಹಡಗು ಅದನ್ನು ದಾಟಿದರೆ ಅಲಾರಂ ಬಡಿಯುತ್ತದೆ; ನಾನು ಜಿಪಿಎಸ್ ತೋರಿಸಿದ ಜಾಗವನ್ನೇ ನಡುವಿಟ್ಟು ಎಳೆದಿದ್ದೆ. ಜಿಪಿಎಸ್ ಆಂಟೆನಾ ಇರುವುದು ಹಡಗಿನ ಹಿಂಭಾಗದಲ್ಲಿ, ಲಂಗರು ಇರುವುದು ಮೂತಿಯಿಂದಲೂ ಇನ್ನೂರು ಮೀಟರ್ ಮುಂದೆ. ಗಾಳಿ ದಿಕ್ಕು ಬದಲಿಸಿ ಹಡಗು ತಿರುಗಿದಾಗ ಅಲಾರಂ ಸುಮ್ಮಸುಮ್ಮನೆ ಬಡಿದುಕೊಂಡಿತು. ಎರಡು ಸಲ ನೋಡಿ ಮೂರನೆಯ ಸಲ ನಾನದನ್ನು ಬಾಯಿಮುಚ್ಚಿಸಿದೆ. ನಿಜವಾಗಿ ಜಾರಲು ಶುರುವಾದದ್ದು ಆಮೇಲೆ. ಕಂಡುಹಿಡಿದದ್ದು ಯಂತ್ರವಲ್ಲ, ನಮ್ಮ ಬೋಸನ್, ಅಂದರೆ ಡೆಕ್ ಕೆಲಸಗಾರರ ಮುಖ್ಯಸ್ಥ. ಕೇರಳದ ಕಡೆಯ ಹಿರಿಯ. ಸುತ್ತು ಹೊಡೆಯುತ್ತಾ ಮೂತಿಗೆ ಹೋದವರು ಸರಪಳಿಯ ಮೇಲೆ ಅಂಗೈ ಇಟ್ಟು ನಿಂತು, ವಾಕಿಟಾಕಿಯಲ್ಲಿ ಒಂದೇ ಮಾತು ಹೇಳಿದರು: "ಸಾಬ್, ಗುರುಗುಟ್ತಾ ಇದೆ." ಕಚ್ಚಿದ ಲಂಗರಿನ ಸರಪಳಿ ಬಿಗಿಯುತ್ತದೆ, ಸಡಿಲಾಗುತ್ತದೆ, ಸದ್ದಿರುವುದಿಲ್ಲ. ಜಾರುವ ಲಂಗರು ತಳವನ್ನು ಕೆರೆದುಕೊಂಡು ಬರುವ ಕಂಪನ ಸರಪಳಿಯುದ್ದಕ್ಕೂ ಏರಿ ಕೈಗೆ ತಾಗುತ್ತದೆ. ಹಡಗು ಎಂಟು ಬರೆಯುವುದನ್ನು ನಿಲ್ಲಿಸಿ ಗಾಳಿಗೆ ಪಕ್ಕೆ ಕೊಟ್ಟು ಶಾಂತವಾಗುವುದು ಇನ್ನೊಂದು ಗುರುತು. ಹೊಸಬರಿಗೆ ಆ ಶಾಂತಿ ಗಾಳಿ ಇಳಿದಂತೆ ಕಾಣುತ್ತದೆ. ಆ ರಾತ್ರಿ ಹತ್ತಿರದ ಟ್ಯಾಂಕರಿನಿಂದ ಮುನ್ನೂರು ಮೀಟರ್ ದೂರದಲ್ಲಿ ನಮ್ಮ ಎಂಜಿನ್ ಶುರುವಾಯಿತು. ಕ್ಯಾಪ್ಟನ್ ಬೈಯಲಿಲ್ಲ; ಬೆಳಿಗ್ಗೆ ರಬ್ಬರು, ಪೆನ್ಸಿಲು ಕೈಗೆ ಕೊಟ್ಟು ವರ್ತುಲವನ್ನು ಮತ್ತೆ ಬರೆಸಿದರು.

ಹಾಗಾಗಿ ಲಂಗರು ಹಾಕಿದ ಹಡಗು ನಿದ್ದೆ ಮಾಡುವುದಿಲ್ಲ. ಹಗಲು ಮೂತಿಯಲ್ಲಿ ಕಪ್ಪು ಚೆಂಡು ತೂಗುಹಾಕಿ, ರಾತ್ರಿ ಬಿಳಿ ದೀಪ ಹಚ್ಚಿ, ಬ್ರಿಡ್ಜಿನಲ್ಲಿ (ಹಡಗು ನಡೆಸುವ ಕೋಣೆ) 24 ಗಂಟೆಯೂ ಒಬ್ಬ ಅಧಿಕಾರಿ ಕಾವಲಿರುತ್ತಾರೆ. ನಿಮ್ಮ ಮಗ ಬಹುಶಃ ದಿನಾ ಬೆಳಿಗ್ಗೆ ಆ ಚೆಂಡನ್ನು ಏರಿಸುವವನೇ.

ಇನ್ನು ಗಾಳಿ ಏರುತ್ತಿರುವಾಗ ಕ್ಯಾಪ್ಟನ್ ಮುಂದೆ ಇರುವ ದಾರಿಗಳು. ಸರಪಳಿ ಬಿಡುವುದರ ಮಿತಿ ಹೇಳಿದೆ. ಎರಡನೇ ಲಂಗರು ಹಾಕುವುದು ಕೇಳಲು ಇಮ್ಮಡಿ ಭದ್ರತೆ ಎನಿಸುತ್ತದೆ, ಹಾಗೇನಿಲ್ಲ. ಎರಡೂ ಸರಪಳಿ ಸಮನಾಗಿ ಎಳೆತ ಹಂಚಿಕೊಳ್ಳುವುದು ಅಪರೂಪ. ಹಡಗು ಒಂದು ಸುತ್ತು ತಿರುಗಿದರೆ ಎರಡೂ ಜಡೆ ಹೆಣೆದುಕೊಳ್ಳುತ್ತವೆ, ಬಿಡಿಸುವವರೆಗೆ ಯಾವುದನ್ನೂ ಎತ್ತುವ ಹಾಗಿಲ್ಲ. ಎರಡನೆಯದನ್ನು ಗಿಡ್ಡ ಸರಪಳಿಯಲ್ಲಿ ತಳಕ್ಕೆ ತಾಗಿಸಿ ಬಿಟ್ಟರೆ ಆ ಕರುವಿನ ಓಡಾಟ ಕಡಿಮೆಯಾಗುತ್ತದೆ. ನಾನು ಅದನ್ನು ಮಾಡಿದ್ದೇನೆ, ಆದರೆ ಹೊರಡಲು ತಡವಾಗುತ್ತದೆ ಎಂಬ ಅರಿವಿಟ್ಟುಕೊಂಡೇ. ಎಂಜಿನ್ನನ್ನು ನಿಧಾನಕ್ಕೆ ಮುಂದೆ ಓಡಿಸಿ ಎಳೆತ ಇಳಿಸುವುದು ಮತ್ತೊಂದು ಉಪಾಯ. ಹೆಚ್ಚು ಕೊಟ್ಟರೆ ಹಡಗು ತನ್ನ ಸರಪಳಿಯ ಮೇಲೇ ಓಡಿ, ಮತ್ತೆ ಹಿಂದೆ ಬಿದ್ದಾಗ ದೊಡ್ಡ ಜಗ್ಗು ಬೀಳುತ್ತದೆ.

ಇವೆಲ್ಲ ಒಂದೆರಡು ಗಂಟೆ ಸಮಯ ಕೊಳ್ಳುವ ಉಪಾಯಗಳು. ನನ್ನ ರೂಢಿ ಹೀಗಿತ್ತು: ಮುನ್ಸೂಚನೆಯಲ್ಲಿ 25 ನಾಟ್ ಕಂಡರೆ ಎಂಜಿನ್ ಸಿದ್ಧ, ಬ್ಯಾಲಸ್ಟ್ ನೀರು ತುಂಬಿ ಹಡಗನ್ನು ಆದಷ್ಟು ತಗ್ಗಿಸುವುದು, 30 ದಾಟುವ ಲಕ್ಷಣವಿದ್ದು ಗಾಳಿ ದಡದ ಕಡೆಗೆ ತಳ್ಳುವಂತಿದ್ದರೆ ಎತ್ತಿಕೊಂಡು ಹೊರಡುವುದು. ಎತ್ತುವಾಗ ಎಂಜಿನ್ನಿನಿಂದ ಹಡಗನ್ನು ಮುಂದೆ ತಂದು ಸರಪಳಿ ಸಡಿಲಿಸದೆ ಬರೀ ವಿಂಡ್ಲಸಿನಿಂದಲೇ ಎಳೆಯಲು ಹೋದರೆ ಅದು ಸೋಲುತ್ತದೆ. ಹೈಡ್ರಾಲಿಕ್ ಮೋಟಾರು ಸಿಡಿದು ಜನ ಗಾಯಗೊಂಡದ್ದೂ ಇದೆ. ಏನೂ ಸಾಗದಿದ್ದರೆ ಕೊನೆಯ ದಾರಿ, ಸರಪಳಿಯನ್ನೇ ಕಳಚಿ ಬಿಟ್ಟು ಹೊರಟುಬಿಡುವುದು. ದುಬಾರಿ ಬಾಬ್ತು, ಕಂಪನಿಗೆ ವಿವರಣೆ ಬರೆಯಬೇಕು, ವಿಮೆಯವರು ನೂರು ಪ್ರಶ್ನೆ ಕೇಳುತ್ತಾರೆ. ಹೆಚ್ಚಿನ ಕ್ಯಾಪ್ಟನ್‌ಗಳು ಹಿಂಜರಿಯುವುದು ಇದಕ್ಕೇ. ಸರದಿ ತಪ್ಪುತ್ತದೆ, ಇಂಧನ ಖರ್ಚಾಗುತ್ತದೆ ಎಂಬ ಚಿಂತೆಯೂ ಸೇರಿಕೊಳ್ಳುತ್ತದೆ. "ಇನ್ನೊಂದು ಗಂಟೆ ನೋಡೋಣ" ಎನ್ನುತ್ತಾರೆ.

ಆ ಒಂದು ಗಂಟೆಯ ಬೆಲೆ 2007ರ ಜೂನ್ 8ರಂದು ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಕಂಡಿತು. ಕಲ್ಲಿದ್ದಲಿಗೆ ಕಾಯುತ್ತಾ ಐವತ್ತಕ್ಕೂ ಹೆಚ್ಚು ಹಡಗುಗಳು ಬಯಲಲ್ಲಿ ಲಂಗರು ಹಾಕಿದ್ದವು. ಬಿರುಗಾಳಿಯ ಎಚ್ಚರಿಕೆ ಬಂದಿತ್ತು. ಕೆಲವರು ಹೊರಟರು, ಹಲವರು ನಿಂತರು. 225 ಮೀಟರಿನ ಪಾಶಾ ಬಲ್ಕರ್ ಎಂಬ ಖಾಲಿ ಹಡಗು ಜಾರಿದ ಮೇಲಷ್ಟೇ ಲಂಗರು ಎತ್ತಿತು, ಅದೂ ಬಿರುಗಾಳಿಗೆ ಬೇಕಾದಷ್ಟು ಬ್ಯಾಲಸ್ಟ್ ತುಂಬಿಸದೆ. ದಡದಿಂದ ದೂರ ಹೋಗಲಾರದೆ ಬೆಳಿಗ್ಗೆ ಹತ್ತರ ಸುಮಾರಿಗೆ ನಾಬಿಸ್ ಬೀಚಿನ ಮೇಲೆ ಬಂದು ಕೂತಿತು. 22 ಸಿಬ್ಬಂದಿಯನ್ನೂ ಹೆಲಿಕಾಪ್ಟರಿನಲ್ಲಿ ಎತ್ತಿದರು, ಒಬ್ಬರೂ ಸಾಯಲಿಲ್ಲ. ಹಡಗನ್ನು ಮತ್ತೆ ತೇಲಿಸಿದ್ದು ಜುಲೈ 2ಕ್ಕೆ. ನಮ್ಮಲ್ಲಿ 2012ರ ಅಕ್ಟೋಬರ್ 31ರಂದು ನೀಲಂ ಚಂಡಮಾರುತಕ್ಕೆ ಚೆನ್ನೈ ಹೊರಗೆ ನಿಂತಿದ್ದ ಪ್ರತಿಭಾ ಕಾವೇರಿ ಟ್ಯಾಂಕರ್ ಜಾರಿ ದಡಕ್ಕೆ ಬಂದಾಗ ಅಷ್ಟು ಅದೃಷ್ಟವಿರಲಿಲ್ಲ. ಹಡಗು ಮರಳಿನ ಮೇಲೆ ನೆಟ್ಟಗೇ ನಿಂತಿತ್ತು. ಜೀವ ಹೋದದ್ದು ಅಲೆಗಳ ನಡುವೆ ಲೈಫ್‌ಬೋಟಿನಲ್ಲಿ ಇಳಿದವರದ್ದು.

ಬಂದರಿನೊಳಗೆ ಕರೆದುಕೊಳ್ಳದಿರುವುದು ಯಾವ ನ್ಯಾಯ ಎಂದಿರಿ. ದಕ್ಕೆಯಲ್ಲಿ ಕಟ್ಟಿದ ಬೋಟುಗಳು ತೂಫಾನಿನಲ್ಲಿ ಒಂದಕ್ಕೊಂದು ಬಡಿದು ಒಡೆಯುವುದನ್ನು ನೀವು ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ನೋಡಿರಬಹುದು. ಅದೇ ಸಂಗತಿ 70 ಸಾವಿರ ಟನ್ನಿನ ಹಡಗಿಗೂ. ಬರ್ತಿಗೆ ಬಡಿದರೆ ಹಡಗೂ ಹೋಯಿತು, ಬಂದರೂ ಹೋಯಿತು. ಪೇಪರಿನಲ್ಲಿ "ಮೂರನೇ ನಂಬರಿನ ಎಚ್ಚರಿಕೆ ಬಾವುಟ" ಎಂದು ಓದುತ್ತೀರಲ್ಲ, ನಂಬರು ಅಲ್ಲಿಂದ ಏರಿ ಮಹಾ ಅಪಾಯದ ಸಂಕೇತಗಳಿಗೆ ಹೋದಾಗ ಪೂರ್ವ ಕರಾವಳಿಯ ಬಂದರುಗಳು ಒಳಗೆ ಕಟ್ಟಿದ್ದ ಹಡಗುಗಳನ್ನೂ ಬಿಚ್ಚಿಸಿ ಕಡಲಿಗೆ ಕಳಿಸುತ್ತವೆ. ಹಡಗಿಗೆ ಆಳ ನೀರು, ಸುತ್ತ ಜಾಗ, ಓಡುವ ಎಂಜಿನ್ ಇದ್ದರೆ ಸಾಕು. ಅದಕ್ಕೆ ವೈರಿ ನೀರಲ್ಲ, ನೆಲ. ಗಾಳಿ ಯಾವ ನೆಲದ ಕಡೆಗೆ ತಳ್ಳುತ್ತಿದೆಯೋ ಆ ನೆಲ. ನಮ್ಮ ಪಶ್ಚಿಮ ಕರಾವಳಿ ಮಳೆಗಾಲದ ನಾಲ್ಕು ತಿಂಗಳೂ ಅಂಥದ್ದೇ: ಪಡುಗಾಳಿ ಎಲ್ಲವನ್ನೂ ದಡಕ್ಕೇ ತಳ್ಳುತ್ತದೆ. ಮಂಜಿಗಳು ಆ ಕಾಲದಲ್ಲಿ ಕಡಲಿಗಿಳಿಯದೆ ಹೊಳೆಯೊಳಗೆ, ಅಳಿವೆಯ ಒಳಮಗ್ಗುಲಲ್ಲಿ ಇರುತ್ತಿದ್ದದ್ದು ಯಾಕೆಂದು ಮಾವನವರನ್ನು ಕೇಳಿ ನೋಡಿ. ಇಡೀ ಸಾಲಿನಲ್ಲಿ ದ್ವೀಪ, ಗುಡ್ಡಗಳ ಮರೆಯಿರುವ ಕಾರವಾರದ ಕೊಲ್ಲಿಯೊಂದಕ್ಕೆ ಹಳೆಯ ನಾವಿಕರು ಅಷ್ಟು ಬೆಲೆ ಕೊಟ್ಟದ್ದೂ ಇದಕ್ಕೇ.

ಮಗನನ್ನು ಕರೆಸಿಕೊಳ್ಳುವ ವಿಚಾರ ಅವನಿಗೆ ಬಿಡಿ. ಲಂಗರು ಜಾರಿತೆಂಬ ಕಾರಣಕ್ಕಂತೂ ಬೇಡ. ಮೂವತ್ತು ವರ್ಷದಲ್ಲಿ ನನ್ನ ಕಾಲಕೆಳಗೆ ಐದಾರು ಸಲ ಜಾರಿದೆ. ಕೆಡೆಟ್‌ಗೆ ನಿಜವಾದ ಅಪಾಯ ಇರುವುದು ಲಂಗರು ಬಿಡುವ ಮತ್ತು ಎತ್ತುವ ಆ ಹೊತ್ತಿನಲ್ಲಿ, ಮೂತಿಯ ಡೆಕ್ಕಿನ ಮೇಲೆ. ಬ್ರೇಕ್ ಹಿಡಿಯದೆ ಸರಪಳಿ ಓಡತೊಡಗಿದರೆ ತುಕ್ಕಿನ ಧೂಳು, ಕಿಡಿ, ಹೊಗೆ ಒಟ್ಟಿಗೆ ಏಳುತ್ತವೆ, ಏನೂ ಕಾಣುವುದಿಲ್ಲ. ಕೊನೆಯ ಕೊಂಡಿ ಕಿತ್ತುಕೊಂಡು ಬಂದರೆ ಚಾಟಿಯಂತೆ ಬೀಸಿ ಹೋಗುತ್ತದೆ. ಆಗ ಓಡುವವನು ಬದುಕುತ್ತಾನೆ, ಬ್ರೇಕ್ ಬಿಗಿಯಲು ನಿಲ್ಲುವವನು ಪೆಟ್ಟು ತಿನ್ನುತ್ತಾನೆ. ಸರಪಳಿಯ ನೇರಕ್ಕೆ ನಿಲ್ಲಬೇಡ, ಕನ್ನಡಕ, ಹೆಲ್ಮೆಟ್ ಬಿಡಬೇಡ, ಹಿಂದೆ ಓಡಲು ದಾರಿ ಎಲ್ಲಿದೆ ಎಂದು ಮೊದಲೇ ನೋಡಿಕೋ ಎಂದು ಹೇಳಿ. ಚೀಫ್ ಆಫೀಸರ್ ಹೇಳಿಯೇ ಇರುತ್ತಾರೆ. ಅಮ್ಮ ಹೇಳಿದರೆ ಎರಡನೇ ಸಲ ಕೇಳಿದ ಹಾಗಾಗುತ್ತದೆ.

ಫೋನಿಲ್ಲದ ಎರಡು ದಿನ: ಮೊಬೈಲ್ ಟವರಿನ ಸಿಗ್ನಲ್ ದಡದಿಂದ ಕೆಲವೇ ಮೈಲಿ ಬರುತ್ತದೆ, ಅವರು ಅದನ್ನು ದಾಟಿ ಹೋಗಿದ್ದರು, ಅಷ್ಟೆ. ಕಂಪನಿಯ ಕಚೇರಿಗೆ ಹಡಗು ಎಲ್ಲಿದೆ ಎಂಬುದು ಎಲ್ಲ ಹೊತ್ತೂ ಗೊತ್ತಿರುತ್ತದೆ, ಮನೆಯವರು ಕೇಳಿದರೆ ಹೇಳುತ್ತಾರೆ. ಆ ನಂಬರನ್ನು ಮಗನಿಂದ ಈಗಲೇ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅವನು ಕರೆ ಮಾಡಿದಾಗ ಫೋನನ್ನು ಮಾವನವರ ಕೈಗೂ ಕೊಡಿ. ನೀರೆಷ್ಟು, ತಳ ಯಾವುದು, ಎಷ್ಟು ಶ್ಯಾಕಲ್ ಬಿಟ್ಟಿದ್ದೀರಿ ಎಂದು ಅವರೇ ವಿಚಾರಿಸಲಿ. ಹುಡುಗ ತಡವರಿಸಿದರೆ ನನಗೆ ಮತ್ತೆ ಬರೆಯಿರಿ.